ತಪ್ಪಾತ್ರಿ ಅನ್ನಬ್ಯಾಡ ಅಂದ ವಕೀಲ

ನೀಲಪ್ಪ ಮೇತ್ರಿ ಬೈಲಹೊಂಗಲದ ಕೋರ್ಟಿಗೆ ವಕೀಲನಾಗಿ ಬಂದದ್ದು ೧೯೭೦ರಲ್ಲಿ. ಮೊದಲ ಎಂಟು ತಿಂಗಳು ಒಬ್ಬ ಕಕ್ಷಿದಾರನೂ ಅವನತ್ತ ಸುಳಿಯಲಿಲ್ಲ. ಆ ಸೀಮೆಯಲ್ಲಿ ವ್ಯಾಜ್ಯವೆಂದರೆ ಹೊಲದ್ದು, ಬದುವಿನದು, ಅಣ್ಣತಮ್ಮಂದಿರ ಪಾಲಿನದು. ಹೊಲ ಇದ್ದವರು ಹೊಲ ಇದ್ದ ಮನೆತನದ ವಕೀಲರ ಕಡೆಗೇ ಹೋಗುತ್ತಿದ್ದರು. ನೀಲಪ್ಪನ ಅಪ್ಪ ಶಟ್ಟೆಪ್ಪ ಸಂಗೊಳ್ಳಿ ಕಡೆಯ ಹಳ್ಳಿಯೊಂದರ ಚಾವಡಿಯಲ್ಲಿ ವಾಲೀಕಾರ. ಗೌಡರ ಮಾತನ್ನು ಊರಿಗೆ ಮುಟ್ಟಿಸುತ್ತ, ಊರವರ ಬೈಗುಳ ತಾನು ತಿನ್ನುತ್ತ ಮುದುಕನಾದವನು. ಅಂಥವನ ಮಗ ಕರಿ ಕೋಟು ಹಾಕಿಕೊಂಡಿದ್ದಾನೆಂದು ನೋಡಲು ಜನ ಬಂದರೇ ಹೊರತು ಕೇಸು ಕೊಡಲು ಬರಲಿಲ್ಲ.

ಅವನು ಕಲಿತ ವಿದ್ಯೆಯೂ ಬೇರೆಯೇ ಇತ್ತು. ಮುಂಬಯಿ ಬಂದರಿನ ಕಸ್ಟಮ್ಸ್ ಕಚೇರಿಯಲ್ಲಿ ಒಂಬತ್ತು ವರ್ಷ ಕಾರಕೂನಿಕೆ ಮಾಡುತ್ತ, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವನು. ಯಾವ ಸರಕು ದೇಶದೊಳಗೆ ಬರಬಹುದು, ಯಾವುದು ಹೊರಗೆ ಹೋಗಬಹುದು, ಯಾವುದಕ್ಕೆ ಲೈಸೆನ್ಸು ಬೇಕು, ಯಾವುದನ್ನು ದೇಶಕ್ಕೆ ಕುತ್ತೆಂದು ಜಪ್ತಿ ಮಾಡುತ್ತಾರೆ, ಎಲ್ಲ ಬಾಯಿಪಾಠ.

ಸಮುದ್ರವನ್ನೇ ಕಾಣದ ಊರಿನಲ್ಲಿ ಈ ವಿದ್ಯೆ ಯಾರಿಗೆ ಬೇಕು? “ಮೇತ್ರಿಯವರ, ಮಲಪ್ರಭಾ ಹೊಳ್ಯಾಗ ಹಡಗ ಬಂದ ದಿವ್ಸ ನಿಮ್ಮನ್ನ ಕರೀತೇವ್ರಿ” ಎಂದು ವಕೀಲರ ಕೋಣೆಯಲ್ಲಿ ನಗುತ್ತಿದ್ದರು. ನೀಲಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ತಡೆದುಕೊಂಡ.

ಎರಡನೆಯ ವರ್ಷ ಊರಿನ ಅರಳೆ ಗಿರಣಿಯೊಂದಕ್ಕೆ ಪರದೇಶದಿಂದ ತರಿಸಿದ ಯಂತ್ರದ ಭಾಗ ಮುಂಬಯಿಯಲ್ಲಿ ತಡೆದು ನಿಂತಿತು. ಹಂಗಾಮು ಕೈಬಿಟ್ಟು ಹೋಗುವ ಹೊತ್ತು. ಬೇರೆ ದಾರಿ ಕಾಣದೆ ಮಾಲೀಕ ಅಟ್ಟದ ಮೇಲಿದ್ದ ನೀಲಪ್ಪನ ಕಚೇರಿಗೆ ಹತ್ತಿ ಬಂದ. ನೀಲಪ್ಪ ಕಾಗದ ನೋಡಿ, ಸರಕಿನ ಹೆಸರನ್ನು ತಪ್ಪು ಪಟ್ಟಿಯಲ್ಲಿ ಬರೆದಿದ್ದಾರೆಂದು ಹಿಡಿದು, ಒಂದೇ ಒಂದು ಪತ್ರ ಬರೆದ. ಮೂರು ವಾರಕ್ಕೆ ಆ ಭಾಗ ಬಂತು. ಅಲ್ಲಿಂದ ಮುಂದೆ ರಾಮದುರ್ಗದ ನೇಕಾರರು ಬಣ್ಣದ ಪರವಾನಗಿಗೆ ಬಂದರು, ಸವದತ್ತಿಯ ಅಕ್ಕಸಾಲಿಗರು ಬಂಗಾರದ ಕಾಯ್ದೆಯ ನೋಟೀಸು ಹಿಡಿದು ಬಂದರು. ಜನ ಅವನಿಗೆ ‘ಪರದೇಶಿ ವಕೀಲ’ ಎಂದು ಹೆಸರಿಟ್ಟರು. ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟಲ್ಲ. ಯಾರೋ ಅದನ್ನೇ ಎತ್ತಿ ಆಡಿದಾಗ ನೀಲಪ್ಪ, “ಎರಡೂ ಖರೇನ ಬಿಡ್ರಿ” ಎಂದುಬಿಟ್ಟ.

೧೯೭೫ರ ಮಾರ್ಚಿನಲ್ಲಿ ಉಗರಗೋಳದಿಂದ ಕರೆವ್ವ ಎಂಬ ಹೆಣ್ಣುಮಗಳು ಬಂದಳು. ಅವಳ ಗಂಡ ಮಾಳಪ್ಪನದು ದೇವಿಯ ಗುಡ್ಡದ ಬುಡದಲ್ಲಿ ಕುಂಕುಮ, ಅರಿಸಿನದ ಭಂಡಾರ ಮಾರುವ ಅಂಗಡಿ. ಹುಣ್ಣಿಮೆಯ ಗದ್ದಲದಲ್ಲಿ ಯಾರೋ ಒಬ್ಬ, “ಗುಡ್ಡಾ ಏರಿ ಬರತೇನಿ, ಇದೊಂದು ಚೀಲ ಇಟ್ಕೊಂಡಿರ್ರಿ” ಎಂದು ಇಟ್ಟುಹೋದ. ಅವನು ಬರಲಿಲ್ಲ, ಕಸ್ಟಮ್ಸಿನವರು ಬಂದರು. ಆ ಚೀಲದಲ್ಲಿ, ಭಂಡಾರದ ಪುಡಿಯೊಳಗೆ ಎಪ್ಪತ್ತು ಪರದೇಶಿ ಕೈಗಡಿಯಾರ! ಕಳ್ಳಸಾಗಣೆಯವರನ್ನು ಖಟ್ಲೆ ನಡೆಸದೆಯೇ ವರ್ಷಗಟ್ಟಲೆ ಒಳಗಿಡುವ ಹೊಸ ಕಾಯ್ದೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಮಾಳಪ್ಪನನ್ನು ಹಿಂಡಲಗಾ ಜೈಲಿಗೆ ಹಾಕಿದ್ದರು.

“ಸವದತ್ತ್ಯಾಗ ನಾಕು ಮಂದಿ ವಕೀಲರನ್ನ ಕೇಳಿದ್ನಿರಿ,” ಎಂದಳು ಕರೆವ್ವ. “ಜಾಮೀನ ಇಲ್ಲಂತ, ವಕೀಲರು ಮಾತಾಡೂ ಹಂಗೂ ಇಲ್ಲಂತ. ಹಂಗಂದ್ರ ಇದು ಯಾ ನಮೂನಿ ಕೋರ್ಟ್ರಿ?”

“ಅವರು ಹೇಳಿದ್ದು ಖರೇ ಐತಿ ತಂಗಿ. ಬೆಂಗಳೂರಾಗ ಮೂರು ಮಂದಿ ಜಡ್ಜ್ ಕುಂದರತಾರ. ಅವರ ಮುಂದ ನಾ ಹೋಗೂ ಹಂಗಿಲ್ಲ. ನಿನ್ನ ಗಂಡನ ಮಾತಾಡಬೇಕು.”

ಕರೆವ್ವ ಅತ್ತೇಬಿಟ್ಟಳು. “ಅಂವಾ ಎಲ್ಲಿ ಮಾತಾಡತಾನ್ರಿ! ಫೌಜದಾರ ಬಂದ್ರ ಬಾಗಿಲ ಹಿಂದ ನಿಂದರ್ತಾನ.”

ನೀಲಪ್ಪ ಬಂಧನದ ಹುಕುಮನ್ನು ತಿರುವಿ ನೋಡಿದ. ಆರು ಪುಟ, ಪೂರ್ತಿ ಇಂಗ್ಲಿಷು. ಮಾಳಪ್ಪ ನಾಲ್ಕನೆಯ ಇಯತ್ತೆ ಓದಿದವನು. ಕನ್ನಡದ ಅಕ್ಷರ ಕೂಡಿಸಿಕೊಂಡು ಓದಬಲ್ಲ, ಅಷ್ಟೇ. ಬಂಧಿಸಿದವನಿಗೆ ಕಾರಣವನ್ನು ಅವನ ಭಾಷೆಯಲ್ಲಿ ತಿಳಿಸದಿದ್ದರೆ ಬಂಧನ ನಿಲ್ಲುವುದಿಲ್ಲ ಎಂಬುದು ನೀಲಪ್ಪನಿಗೆ ಗೊತ್ತಿತ್ತು. ಅದನ್ನೇ ಹಿಡಿದು ಸರ್ಕಾರಕ್ಕೆ ಅರ್ಜಿ ಬರೆದ. ಆದರೆ ಮೂವರ ಎದುರು ಮಾಳಪ್ಪ ನಿಂತಾಗ ಅರ್ಜಿ ಅವನ ಬಾಯಾಗುವುದಿಲ್ಲವಲ್ಲ.

ಅದಕ್ಕೇ ನೀಲಪ್ಪ ಹಿಂಡಲಗಾಕ್ಕೆ ಹೋದ. ಭೇಟಿಯ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು, “ಮಾಳಪ್ಪಾ, ಈಗ ನಾನ ಜಡ್ಜ್ ಅಂತ ತಿಳ್ಕೊ. ಚೀಲ ನಿನ್ನ ಅಂಗಡ್ಯಾಗ ಇತ್ತೋ ಇಲ್ಲೋ?” ಎಂದು ಕೇಳಿದ.

ಮಾಳಪ್ಪ ಕೈಮುಗಿದ. “ಇತ್ರಿ. ತಪ್ಪಾತ್ರಿ ಸಾಹೇಬ್ರ.”

“ಏನ ತಪ್ಪು ಮಾಡಿದಿ?”

“ಏನೂ ಇಲ್ರಿ.”

“ಮತ್ತ ತಪ್ಪಾತು ಅಂದೆಲ್ಲೊ?”

“ದೊಡ್ಡವರ ಮುಂದ ಹಂಗ ಅನ್ನಬೇಕಲ್ರಿ.”

ನೀಲಪ್ಪ ಇನ್ನೊಮ್ಮೆ ಕೇಳಿದ, ಮತ್ತೊಮ್ಮೆ ಕೇಳಿದ. ಪ್ರಶ್ನೆ ಯಾವುದಾದರೂ ಇರಲಿ, ಉತ್ತರದ ಬಾಲಕ್ಕೆ ‘ತಪ್ಪಾತ್ರಿ’ ಅಂಟಿಕೊಂಡೇ ಬರುತ್ತಿತ್ತು. ಆ ಒಂದು ಮಾತು ಕಾಗದಕ್ಕೆ ಇಳಿದರೆ ಸಾಕು, ತಾನೇ ಒಪ್ಪಿಕೊಂಡ ಎಂದಾಗುತ್ತದೆ. ಎರಡನೆಯ ಸಲ ಹೋದಾಗಲೂ ಅದೇ. ಮೂರನೆಯ ಸಲ ನೀಲಪ್ಪ ಮೇಜು ಗುದ್ದಿ ಬೈದ. ಮಾಳಪ್ಪ ಇನ್ನಷ್ಟು ಕುಗ್ಗಿ, “ತಪ್ಪಾತ್ರಿ, ಇನ್ನ ಅನ್ನೂದಿಲ್ರಿ” ಎಂದ.

ನೀಲಪ್ಪ ತಲೆ ಹಿಡಿದು ಕೂತ. ಆಮೇಲೆ, ತನಗೇ ಹೇಳಿಕೊಳ್ಳುವವನ ಹಾಗೆ ಮಾತಾಡಿದ. “ಚಾವಡ್ಯಾಗ ಒಮ್ಮಿ ಸರ್ಕಾರಿ ದಫ್ತರ ಕಳೀತು. ಗೌಡರ ಅಳಿಯನ ಕಳದಿದ್ದ, ನಮ್ಮಪ್ಪ ಕಣ್ಣಾರೆ ನೋಡಿದ್ದ. ಕೇಳಿದಾಗ ನಮ್ಮಪ್ಪ ಕೈ ಮುಗದು ತಪ್ಪಾತ್ರಿ ಅಂದ. ಊರ ಮಂದಿ ಎದುರಿಗೆ ಅವನ್ನ ಬಿಸಿಲಾಗ ನಿಂದರಿಸಿದ್ರು. ನಾ ಅಲ್ಲೇ ಇದ್ನಿ, ಮಾಳಪ್ಪಾ. ಯಾಕಪ್ಪಾ ಹಂಗಂದಿ ಅಂತ ಕೇಳಿದ್ರ, ಅನ್ನಬೇಕಾಗತೈತಿ ಮಗನ ಅಂದ. ಸಾಯೂತನಕಾ ಹಂಗ ಅನಕೋತ ಬಂದ.”

ಮಾಳಪ್ಪ ತಲೆಯೆತ್ತಿ ಅವನನ್ನು ನೋಡಿದ. ಕೋಟು ಹಾಕಿದ ಈ ಮನುಷ್ಯನ ಅಪ್ಪನೂ ತನ್ನ ಹಾಗೇ ನಿಂತಿದ್ದ ಎಂಬುದು ಅವನೊಳಗೆ ಇಳಿದಿತ್ತೋ ಏನೋ. “ಇನ್ನೊಮ್ಮಿ ಕೇಳ್ರಿ” ಎಂದ.

ಮೇ ತಿಂಗಳ ಮೊದಲ ವಾರ ನೀಲಪ್ಪ ಮತ್ತು ಕರೆವ್ವ ಕಿತ್ತೂರಿನಲ್ಲಿ ಬೆಂಗಳೂರು ಬಸ್ಸು ಹತ್ತಿದರು. ಒಳಗೆ ಮೂವರು ಜಡ್ಜರ ಮಂಡಳಿಯ ಮುಂದೆ ಮಾಳಪ್ಪ, ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಇವರಿಬ್ಬರು. “ಏನ ಕೇಳಾಕ ಹತ್ಯಾರೋ” ಎಂದು ಕರೆವ್ವ ನಾಲ್ಕು ಸಲ ಅಂದಳು. ಅರ್ಧ ತಾಸಿನ ಮೇಲೆ ಪೊಲೀಸರು ಮಾಳಪ್ಪನನ್ನು ಹೊರಗೆ ತಂದರು. ಹಾದುಹೋಗುವಾಗ ಅವನು ಹೆಂಡತಿಯ ಕಡೆಗೂ ನೋಡದೆ ನೀಲಪ್ಪನ ಎದುರು ಒಂದು ಕ್ಷಣ ನಿಂತ.

“ಅನ್ನಲಿಲ್ರಿ,” ಎಂದ.

ಒಳಗೆ ನಡೆದದ್ದು ಆಮೇಲೆ ತಿಳಿಯಿತು. ಹುಕುಮು ಓದಿದ್ದೀಯಾ ಎಂದು ಒಬ್ಬ ನ್ಯಾಯಾಧೀಶರು ಕನ್ನಡದಲ್ಲೇ ಕೇಳಿದಾಗ ಮಾಳಪ್ಪ, “ನನಗ ಬರೂ ಅಕ್ಷರ ಅದರಾಗ ಒಂದೂ ಇಲ್ರಿ. ಚೀಲಾ ಇಟ್ಕೊಂಡದ್ದು ಖರೇ. ಯಾತಕ್ಕ ಹಿಡದ್ರಿ ಅಂತ ಇವತ್ತಿನ ತನಕಾ ನನಗ ಯಾರೂ ಹೇಳಿಲ್ರಿ” ಎಂದಿದ್ದ. ಹನ್ನೆರಡನೆಯ ದಿನಕ್ಕೆ ಅವನ ಬಿಡುಗಡೆಯಾಯಿತು.

ಗೆದ್ದ ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಜೂನ್ ಕೊನೆಗೆ ತುರ್ತು ಪರಿಸ್ಥಿತಿ ಬಂತು. ಬಂಧನಕ್ಕೆ ಕಾರಣವನ್ನೇ ಹೇಳಬೇಕಾಗಿಲ್ಲ ಎಂದು ಕಾಯ್ದೆಯನ್ನು ತಿದ್ದಿದರು. ಮುಂದಿನ ಎರಡು ವರ್ಷ ನೀಲಪ್ಪ ಹನ್ನೊಂದು ಜನರಿಗಾಗಿ ಅರ್ಜಿ ಬರೆದ, ಒಂಬತ್ತರಲ್ಲಿ ಸೋತ. ಬಂಧಿಸಬೇಕಾದವರ ಪಟ್ಟಿಯಲ್ಲಿ ಅವನ ಹೆಸರೂ ಇದೆ ಎಂದು ಊರಲ್ಲಿ ಸುದ್ದಿಯಾಯಿತು. ಹೆಂಡತಿ ಕೃಷ್ಣವ್ವ ಎರಡು ಜೋಡಿ ಅಂಗಿ ಧೋತರ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಳು. ಅರ್ಜಿ ಬರೆಯುವುದನ್ನು ಬಿಡ್ರಿ ಎಂದು ಮಾತ್ರ ಅನ್ನಲಿಲ್ಲ.

ಎಪ್ಪತ್ತೆಂಟರಲ್ಲಿ ಸರ್ಕಾರವೇ ಅವನನ್ನು ಕರೆದು, ಬೆಳಗಾವಿಯಲ್ಲಿ ಕಳ್ಳಸಾಗಣೆಯ ಕೇಸುಗಳನ್ನು ತನ್ನ ಕಡೆಯಿಂದ ನಡೆಸೆಂದು ಕೇಳಿತು. ಅವನು ಒಪ್ಪಿದ. ಪಕ್ಷ ಬದಲಿಸಿದ ಎಂದು ಕೆಲವರು ಆಡಿಕೊಂಡರು. ಮಾಳಪ್ಪನೂ ಬಂದು, “ಇದೇನ್ರಿ ಸಾಹೇಬ್ರ?” ಎಂದು ನೇರವಾಗಿಯೇ ಕೇಳಿದ.

“ನಿನ್ನ ಅಂಗಡ್ಯಾಗ ಚೀಲ ಇಟ್ಟಾಂವ ಇನ್ನೂ ಹೊರಗ ಅದಾನಲ್ಲೊ. ಅಂವನ್ನ ಹಿಡೀಬೇಕೋ ಬ್ಯಾಡೋ? ಹಿಡಿಯೂದು ಮಾತ್ರ ಸರಿಯಾಗಿ ಹಿಡೀಬೇಕು.”

ಕೆಲಸ ಒಪ್ಪುವಾಗ ನೀಲಪ್ಪ ಒಂದೇ ಕರಾರು ಹಾಕಿದ್ದ. ಯಾರನ್ನೇ ಹಿಡಿಯಲಿ, ಕಾರಣವನ್ನು ಅವರ ಭಾಷೆಯಲ್ಲಿ ಬರೆದು ಕೊಡಬೇಕು. ಬರೆಯುವವರಿಲ್ಲ ಎಂದು ಅಧಿಕಾರಿಗಳು ಗೊಣಗಿದಾಗ ತಾನೇ ಬರೆಯತೊಡಗಿದ. ಸಂಜೆ ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಕೃಷ್ಣವ್ವನ ಎದುರು ಕೂತು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಿದ್ದ. ಅವಳು ಕೈ ನಿಲ್ಲಿಸಿ, “ಇದು ತಿಳೀಲಿಲ್ರಿ” ಅಂದರೆ ಆ ಸಾಲನ್ನು ಹೊಡೆದು ಹಾಕಿ, ಬೇರೆ ಮಾತಿನಲ್ಲಿ ಮತ್ತೆ ಬರೆಯುತ್ತಿದ್ದ.