ವೀರಗಲ್ಲಿನ ವೀಣೆ

ಯಾರಾದರೂ ನನ್ನ ಮಾತಿಗೆ ತಕ್ಷಣ ಹೂಂ ಅಂದರೆ ನನಗೆ ಅನುಮಾನ ಶುರುವಾಗುತ್ತದೆ. ಸಂತೆಯಲ್ಲಿ ಕೇಳಿದ ಬೆಲೆಗೇ ಕೊಟ್ಟುಬಿಟ್ಟರೆ, ಮನೆ ಸೇರುವವರೆಗೂ ಬದನೆಕಾಯಿ ತಿರುಗಿಸಿ ತಿರುಗಿಸಿ ಹುಳುಕು ಹುಡುಕುವ ಪೈಕಿ ನಾನು. ಹಾಗಾಗಿ ಈ ಕೃತಕ ಬುದ್ಧಿಮತ್ತೆಯ ಮೇಲೂ ಮೊದಲ ದಿನದಿಂದಲೇ ಗುಮಾನಿ. ಕೇಳಿದ್ದಕ್ಕೆಲ್ಲ 'ಬಹಳ ಒಳ್ಳೆಯ ಪ್ರಶ್ನೆ' ಎನ್ನುತ್ತದಲ್ಲ, ನನ್ನ ಪ್ರಶ್ನೆಗಳ ಯೋಗ್ಯತೆ ನನಗೆ ಗೊತ್ತಿಲ್ಲವೇ!

ಕೊಂಡ್ಲಹಳ್ಳಿ ಹತ್ತಿರದ ನಮ್ಮೂರಲ್ಲಿ ಒಂದು ಹಳೆಯ ವೀರಗಲ್ಲಿದೆ. ಅದರಲ್ಲಿನ ಆಸಾಮಿ ಏನನ್ನೋ ಎತ್ತಿ ಹಿಡಿದಿದ್ದಾನೆ. ಏನೆಂದು ಯಾರಿಗೂ ಗೊತ್ತಿಲ್ಲ. ನಾನು ಚಳ್ಳಕೆರೆ ಮಿಲ್ಲಿನಿಂದ ಒಯ್ದುಕೊಡುವ ಶೇಂಗಾ ಎಣ್ಣೆಯನ್ನು ಅವ್ವ ಪ್ರತಿ ಸೋಮವಾರ ಅವನ ನೆತ್ತಿಗೆ ಹೊಯ್ದು, ಮನೆಯ ಸುಖದುಃಖ ಒಪ್ಪಿಸಿ ಬರುತ್ತಾಳೆ. ಅಪ್ಪ ಹೋದ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡುವುದು ಅವನೊಬ್ಬನ ಜೊತೆಗೇ.

ಹೋದ ವರ್ಷ ಚಿಕ್ಕಪ್ಪನ ಮಗ ತಿಪ್ಪೇಶ ಕಲ್ಲಿನ ಫೋಟೊ ತೆಗೆದು ಫೋನಿನಲ್ಲಿದ್ದ ಆ ಬುದ್ಧಿವಂತನನ್ನು ಕೇಳಿದ. ಥಟ್ಟನೆ ಉತ್ತರ ಬಂತು: ಅದು ವೀಣೆ, ತಂತಿಗಳು ಸ್ಪಷ್ಟವಾಗಿವೆ, ಇವನು ಯುದ್ಧದಲ್ಲಿ ಮಡಿದ ಸಂಗೀತಗಾರ. ಯಾವ ರಾಗ ನುಡಿಸುತ್ತಿದ್ದನೆಂದೂ ಊಹಿಸಿತ್ತು! ಊರು ಉಬ್ಬಿಹೋಯಿತು. ಕಲ್ಲಿನ ಸುತ್ತ ಕಬ್ಬಿಣದ ಬೇಲಿ ಬಂತು, ಬೀಗ ಬಂತು, 'ಎಣ್ಣೆ ಹಾಕಬಾರದು' ಎಂಬ ಬೋರ್ಡೂ ಬಂತು.

"ನಿನ್ ಫೋನು ಹೇಳ್ತು ಅಂತ, ಸೋಮವಾರ ನಾನೆಲ್ಲಿಗೆ ಹೋಗ್ಲಿ ಹೇಳಪ್ಪ?" ಎಂದು ಅವ್ವ ತಿಪ್ಪೇಶನನ್ನು ಕೇಳಿದಳು.

"ದೊಡ್ಡವ್ವ, ಎಣ್ಣೆ ಬಿದ್ರೆ ವೀಣೆ ಹಾಳಾಗ್ತೈತೆ," ಎಂದ ಅವನು.

ಅವ್ವ ಬೇಲಿಯಾಚೆ ನಿಂತು ಬರಿದೇ ಕೈಮುಗಿದು ಬಂದಳು. ಅಷ್ಟು ದೂರದಿಂದ ಕೂಗಿ ಮನೆಯ ವಿಷಯ ಹೇಳಲಾಗುತ್ತದೆಯೇ?

ವೀಣೆ ಇನ್ನೂ ಚೆನ್ನಾಗಿ ಕಾಣಲೆಂದು ಮೊನ್ನೆ ತಿಪ್ಪೇಶನೇ ಬಿಸಿನೀರು, ಸೀಗೆಪುಡಿ ಹಾಕಿ ಕಲ್ಲು ಉಜ್ಜಿದ. ತಂತಿಗಳೆಲ್ಲ ತೊಳೆದುಹೋದವು! ಅವ್ವನಂಥವರು ಹೊಯ್ದ ಎಣ್ಣೆ ವರ್ಷಗಟ್ಟಲೆ ಇಳಿದು, ಧೂಳು ಹಿಡಿದು ಗಟ್ಟಿಯಾದ ಗೆರೆಗಳವು. ಹೊಸ ಫೋಟೊ ತೋರಿಸಿದರೆ ಫೋನು ಒಂದಿಷ್ಟೂ ನಾಚದೆ 'ಇದು ನಿಸ್ಸಂಶಯವಾಗಿ ಗದೆ' ಎಂದಿತು. ಸೌಟು ಇರಬಹುದೇ ಎಂದು ಕೇಳಿದೆ. 'ಅದ್ಭುತ ಒಳನೋಟ' ಎಂದಿತು.

ತಿಪ್ಪೇಶ ಮುಖ ಸಪ್ಪಗೆ ಮಾಡಿಕೊಂಡು ಬೀಗ ತೆಗೆದ. ಅವ್ವ ಎಣ್ಣೆ ಬಟ್ಟಲು ಹಿಡಿದು ಬಂದಳು. ಅದು ವೀಣೆಯಲ್ಲವಂತೆ ಎಂದು ನಾನು ಹೇಳಹೊರಟೆ.

"ಕೈಯಾಗೆ ಏನಾರ ಇರ್ಲಿ. ಉಜ್ಜೋ ಭರದಾಗೆ ಕಿವಿ ಕಿತ್ತಿಲ್ಲ ತಾನೆ?"

ಬಗ್ಗಿ ನೋಡಿದೆ. ಎರಡೂ ಇದ್ದವು.

"ಹಂಗಾರೆ ನೀವಿಬ್ರೂ ಅತ್ಲಾಗೆ ಹೋಗ್ರಿ," ಎಂದಳು ಅವ್ವ. "ನಾವು ಮಾತಾಡೋದು ಭಾಳ ಐತೆ."