ಡಿಸ್ಕಿಗೆ ಹಚ್ಚಿದ ತೆಂಗಿನೆಣ್ಣೆ

"ತೆಂಗಿನೆಣ್ಣೆ ಹಚ್ಲಿಕ್ಕೆ ಅದೆಂತ ತಲೆಕೂದಲಾ ಮಾರಾಯ್ರೆ?" ಎಂದು ಸುಳ್ಯದ ಸೈಕಲ್ ಅಂಗಡಿಯವರು ನಕ್ಕರು. ಗುಡ್ಡ ಇಳಿಯುವಾಗ ನನ್ನ ಸೈಕಲ್ಲಿನ ಡಿಸ್ಕ್ ಬ್ರೇಕ್ ಕಿರುಗುಟ್ಟುತ್ತಿತ್ತು. ಎಣ್ಣೆ ಹಚ್ಚಿದೆ. ಶಬ್ದ ನಿಂತಿತು, ಆದರೆ ಬ್ರೇಕ್ ಹಿಡಿಯುವುದೂ ನಿಂತಿತು. ಕೇಬಲಿನದು ಸಾಕೇ, ಇನ್ನೂ ಗಟ್ಟಿಯಾಗಿ ಹಿಡಿಯುವ ಹೈಡ್ರಾಲಿಕ್ ಬೇಕೇ ಎಂದು ಹೊಸ ಬ್ರೇಕ್ ಆರಿಸುತ್ತಾ ನಾನೂ ನಕ್ಕೆ.

ಟ್ಯೂಬ್ ಕೊಳ್ಳಲು ಬಂದು ಪಕ್ಕದಲ್ಲಿ ನಿಂತಿದ್ದವರೊಬ್ಬರು ಮಾತ್ರ ನಗಲಿಲ್ಲ.

"ನಾನೂ ಹಚ್ಚಿದ್ದೆ, ತಮ್ಮನ ಸೈಕಲ್ಲಿಗೆ, ಅವನಿಗೆ ಹೇಳದೆ. ಕೊಯಿಲದ ಹತ್ರ ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ. ಅವ ಉಳೀಲಿಲ್ಲ" ಎಂದರು. "ಎಣ್ಣೆ ಹಚ್ಚಿದ್ದು ನಾನು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸೈಕಲ್ ಜೋರು ಬಿಟ್ಟ ಅಂತ ಅಮ್ಮ ಈಗಲೂ ಅವನನ್ನೇ ಬೈಯುದು" ಎಂದರು.

ಅಂಗಡಿಯವರು ಕೇಬಲಿನ ಬ್ರೇಕನ್ನು ಒಳಗಿಟ್ಟು, ದೊಡ್ಡ ಡಿಸ್ಕಿನ ಹೈಡ್ರಾಲಿಕ್ ಬ್ರೇಕನ್ನು ನನ್ನ ಮುಂದಿಟ್ಟರು. ನಾನು ಅದನ್ನೇ ತೆಗೆದುಕೊಂಡೆ. ತಿರುಗಿ ನೋಡುವಾಗ ಪಕ್ಕದಲ್ಲಿದ್ದವರು ಟ್ಯೂಬ್ ಹಿಡಿದು ಬಸ್ಸು ಹತ್ತುತ್ತಿದ್ದರು.

ಅವರ ಮನೆ ಎಲ್ಲಿ ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಆ ಅಮ್ಮನ ಎದುರು ನಿಂತು, ನಿಮ್ಮ ಸಣ್ಣ ಮಗನದ್ದು ತಪ್ಪಿಲ್ಲ ಎಂದು ಹೇಳುವ ಧೈರ್ಯ ನನಗೂ ಇಲ್ಲ.