ಒಂದೇ ಸಲದ ಕರೆಂಟು

ಕೊರಟಗೆರೆ ದಾಟುವ ಮುಂಚೆಯೇ ಬಸ್ಸು ಪಂಕ್ಚರ್ ಆಗಬಹುದಿತ್ತು. ಸ್ಕ್ಯಾನಿಂಗ್ ಫೈಲು ಸೀಟಿನ ಮೇಲೇ ಉಳಿದು ಬಸ್ಸಿನ ಜೊತೆ ಹೋಗಿಬಿಡಬಹುದಿತ್ತು. ಗಡ್ಡೆ ಎಡಗಡೆ ಇದ್ದರೆ ಬಲಗಡೆ ಕೊಯ್ಯಬಹುದಿತ್ತು. ಅರಿವಳಿಕೆ ಹತ್ತದೇ ಇರಬಹುದಿತ್ತು. ಹತ್ತಿದರೆ ಇಳಿಯದೇ ಇರಬಹುದಿತ್ತು. ಖಾಲಿ ಹೊಟ್ಟೆಯಲ್ಲಿರಬೇಕು ಎಂದು ಹೇಳಿದ್ದರೂ ಅಕ್ಕ ಕರುಣೆ ಉಕ್ಕಿ ಎರಡು ಇಡ್ಲಿ ತಿನ್ನಿಸಿಬಿಡಬಹುದಿತ್ತು. ಆಪರೇಷನ್ನಿಗೆ ಹಿಂದಿನ ವಾರ ಇಂಥವನ್ನೆಲ್ಲ ನಂಬರ್ ಹಾಕಿ ಬರೆದೆ. ಮೂವತ್ತೊಂದಾದವು. ಮಿಡಿಗೇಶಿಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು ನಾನು; ಚಿಂತೆಯಲ್ಲೂ ಶಿಸ್ತು ಬಿಡುವುದಿಲ್ಲ.

ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದು ಕಡಲೆಬೀಜದಷ್ಟು ಗಡ್ಡೆ. ಮಧುಗಿರಿಯ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಸ್ತನ ಕ್ಯಾನ್ಸರ್, ಇನ್ನೂ ಶುರುವಿನ ಹಂತ. ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ವೈ.ಎನ್.ಹೊಸಕೋಟೆಯ ಅಕ್ಕ ಜೊತೆಗೆ ಬಂದಳು.

ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ 'ಕರೆಂಟ್ ಕೊಡೋದು' ಎನ್ನುತ್ತಾರೆ. ಗಡ್ಡೆ ತೆಗೆದ ಮೇಲೆ ವಾರಗಟ್ಟಲೆ, ದಿನಾ ಹೋಗಿ ಕೊಡಿಸಿಕೊಳ್ಳಬೇಕು; ನಮ್ಮೂರಿನವರಾದರೆ ಬೆಂಗಳೂರಿನಲ್ಲಿ ರೂಮು ಹಿಡಿಯಬೇಕು. ಅದಕ್ಕೆ ತಯಾರಾಗಿಯೇ ಕೂತಿದ್ದ ನನಗೆ ಅಲ್ಲಿನ ಡಾಕ್ಟರಮ್ಮ ಬೇರೆಯೇ ಹೇಳಿದರು. "ನಿಮ್ಮದು ಚಿಕ್ಕದು. ಗಡ್ಡೆ ತೆಗೆದ ಜಾಗದೊಳಗೇ ಒಂದು ದುಂಡನೆಯ ಉಪಕರಣ ಇಟ್ಟು, ಅರ್ಧ ಗಂಟೆ ವಿಕಿರಣ ಕೊಟ್ಟು, ಆಮೇಲೆ ಹೊಲಿಗೆ ಹಾಕ್ತೀವಿ."

"ಅಂದ್ರೆ ಕೊಯ್ದಿರೋವಾಗ್ಲೇ ಕರೆಂಟ್ ಕೊಟ್ಟು ಮುಚ್ಚಿಬುಡ್ತೀರಾ?" ಎಂದಳು ಅಕ್ಕ.

"ಅಷ್ಟೇ ಅಮ್ಮ. ಆದ್ರೆ ಪೂರ್ತಿ ರಿಪೋರ್ಟ್ ಆಮೇಲೆ ಬರುತ್ತೆ. ಅದರಲ್ಲಿ ಬೇರೇನಾದ್ರೂ ಕಂಡ್ರೆ ಹೊರಗಿನಿಂದಲೂ ಕೊಡಬೇಕಾಗುತ್ತೆ, ಆರು ವಾರದವರೆಗೂ ಆಗಬಹುದು."

ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಆ 'ಆದ್ರೆ' ಒಂದೇ. ಸಾಲದ್ದಕ್ಕೆ, "ಮಧ್ಯದಲ್ಲಿ ಕರೆಂಟ್ ಹೋದರೆ?" ಎಂದು ಕೇಳಿದೆ.

ಅಕ್ಕ ತೊಡೆ ಚಿವುಟಿದಳು. "ಏಮೇ ನಿಂದು! ನಮ್ ತಿರುಮಣಿ ಸೋಲಾರ್ ಪಾರ್ಕಿನ ಬಿಸಿಲ್ನಿಂದ್ಲೇ ಇವ್ರಿಗೆ ಕರೆಂಟ್ ಬರೋದು. ಸುಮ್ಕಿರು."

ಆಪರೇಷನ್ ದಿನ ಯಾವ ಕಡೆ ಎಂದು ನರ್ಸ್ ಕೇಳಿದರು, ಅರಿವಳಿಕೆಯವರು ಕೇಳಿದರು, ಡಾಕ್ಟರಮ್ಮ ಬಂದು ಕೇಳಿ ಪೆನ್ನಿನಲ್ಲಿ ಗುರುತು ಮಾಡಿದರು. ಈ ಪದ್ಧತಿ ಮಾಡಿದವರು ನನಗಿಂತ ದೊಡ್ಡ ಪುಕ್ಕಲರಿರಬೇಕು. ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಕಣ್ಣು ಬಿಟ್ಟಾಗ ಅಕ್ಕ ಎದುರಿಗಿದ್ದಳು. "ಎಲ್ಲ ಮುಗೀತು ಕಣೇ. ಕರೆಂಟೂ ಹೋಗ್ಲಿಲ್ಲ."

ರಿಪೋರ್ಟಿಗೆ ಹತ್ತು ದಿನ. ಬೆಂಗಳೂರಿನಲ್ಲೇ ನೆಂಟರ ಮನೆಯಲ್ಲಿದ್ದುಕೊಂಡು, ರೂಮು ಎಲ್ಲಿ, ಅಡುಗೆ ಹೇಗೆ, ಹತ್ತನೇ ಕ್ಲಾಸಿಗೆ ತ್ರಿಕೋನಮಿತಿ ಯಾರು ಮಾಡುತ್ತಾರೆ ಎಂದು ಅಕ್ಕನ ತಲೆ ತಿಂದೆ. ಹತ್ತನೆಯ ದಿನ ಡಾಕ್ಟರಮ್ಮ ಹಾಳೆ ತಿರುವಿ ಹೇಳಿದರು: ಅಂಚಿನಲ್ಲಿ ಏನೂ ಉಳಿದಿಲ್ಲ, ಕಂಕುಳಿನ ಗ್ರಂಥಿಯಲ್ಲೂ ಇಲ್ಲ. ಇನ್ನು ವಿಕಿರಣ ಬೇಡ. ಮಾತ್ರೆ ತಪ್ಪಿಸಬಾರದು, ತಪಾಸಣೆಗೆ ಬರುತ್ತಿರಬೇಕು. ಎರಡೆರಡು ಸಲ ಥ್ಯಾಂಕ್ಸ್ ಹೇಳಿದೆ. ಅಷ್ಟು ಹೊತ್ತು ನನ್ನನ್ನು ಬೈಯುತ್ತಿದ್ದ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಮೂವತ್ತೊಂದರಲ್ಲಿ ಒಂದೂ ಆಗಲಿಲ್ಲ. ಆದ ಎಡವಟ್ಟು ಪಟ್ಟಿಯಲ್ಲೇ ಇರಲಿಲ್ಲ, ಅದೂ ನನ್ನ ಕೈಯಾರೆ ಆದದ್ದು. ರಿಪೋರ್ಟ್ ಕೆಟ್ಟದಾಗಿಯೇ ಬರುತ್ತದೆ, ಆರು ವಾರ ಊರಿಗೆ ಬರಲಾಗದು ಎಂದು ನಂಬಿ, ಹೊರಡುವ ದಿನ ನನ್ನ ಗಬ್ಬದ ಮೇಕೆಯನ್ನು ಎದುರುಮನೆ ಅಜ್ಜಿಗೆ ಪಾಲಿಗೆ ಕೊಟ್ಟಿದ್ದೆ. ಪಾಲೆಂದರೆ ಹುಟ್ಟುವ ಮರಿಗಳಲ್ಲಿ ಅರ್ಧ ಸಾಕಿದವರಿಗೆ, ಈಯುವ ತನಕ ಮೇಕೆ ಅವರ ಮನೆಯಲ್ಲೇ. ಊರಿಗೆ ಬಂದವಳೇ ಹಗ್ಗಕ್ಕೆ ಕೈ ಹಾಕಿದೆ.

"ಅದ್ಯಾಕ್ ಬಿಚ್ಚೀಯಾ ಟೀಚರಮ್ಮ? ಈಯೋಗಂಟ ಅದು ನಮ್ಮನೇದು."

"ಬೇಗ ಬಂದ್ಬುಟ್ಟೆನಲ್ಲಜ್ಜಿ..."

"ನೀನ್ ಬಿರ್ನೆ ವಾಸಿಯಾಗಿ ಬಂದ್ರೆ ಅದು ನನ್ ತಪ್ಪಾ?"

ಮೇಕೆ ಈಗ ಅಜ್ಜಿಯ ಜಗಲಿ ಕಂಬದಲ್ಲಿದೆ. ನಾನು ಶಾಲೆಗೆ ಹೊರಟಾಗ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಸೊಪ್ಪಿಗೆ ಬಾಯಿ ಹಾಕುತ್ತದೆ.